ಮುಖವಿಲ್ಲದ ದನಿಗೆ ಮುಖ ಬಂದ ಬಗೆ: ವಿಕ್ತರ್ ತ್ಸೊಯ್ ಪ್ರಕರಣ

ರಷ್ಯನ್ ಭಾಷೆಯಲ್ಲಿ ‘ಕಿನೊ’ ಎಂದರೆ ಸಿನಿಮಾ. 1982ರಲ್ಲಿ ಲೆನಿನ್‌ಗ್ರಾಡಿನ ಹುಡುಗರು ತಮ್ಮ ರಾಕ್ ತಂಡಕ್ಕೆ ಈ ಹೆಸರಿಟ್ಟಾಗ ಅವರಿಗೂ ಚಿತ್ರರಂಗಕ್ಕೂ ಯಾವ ನಂಟೂ ಇರಲಿಲ್ಲ. ಚಿಕ್ಕ ಪದ, ನಾಲಗೆಗೆ ಹಗುರ, ಊರಿನ ಚಿತ್ರಮಂದಿರಗಳ ಮೇಲೆ ರಾತ್ರಿಯಿಡೀ ಬೆಳಗುವ ಪದ. ಏಳು ವರ್ಷ ಕಳೆಯುವುದರೊಳಗೆ ಆ ತಂಡದ ಹಾಡುಗಾರ ವಿಕ್ತರ್ ತ್ಸೊಯ್‌ನನ್ನು ‘ಸೊವೆತ್ಸ್ಕಿ ಎಕ್ರಾನ್’ ಪತ್ರಿಕೆಯ ಓದುಗರು 1989ರ ಅತ್ಯುತ್ತಮ ನಟ ಎಂದು ಆರಿಸಿದರು. ರಂಗಶಾಲೆಯ ಮೆಟ್ಟಿಲು ಹತ್ತದವನು, ಪೂರ್ಣ ಪ್ರಮಾಣದ ಪಾತ್ರವೆಂದು ಒಂದೇ ಒಂದನ್ನು ಮಾಡಿದವನು ದೇಶದ ನುರಿತ ನಟರನ್ನೆಲ್ಲ ಹಿಂದೆ ಹಾಕಿದ್ದ.

ಹಾಡಿನಿಂದ ಬಂದ ಕೀರ್ತಿಯೇ ಮತವಾಯಿತು, ಅದರಲ್ಲೇನಿದೆ ಎಂದು ಬಹಳ ಜನ ಹೇಳುತ್ತಾರೆ. ನನಗೆ ಅದು ಅರ್ಧ ಉತ್ತರವೆನಿಸುತ್ತದೆ. ಹಾಡಿನ ಕೀರ್ತಿ ಅವನಿಗಿತ್ತು, ನಿಜ. ಆದರೆ ಆ ಕೀರ್ತಿಗೆ ಮುಖವಿರಲಿಲ್ಲ. ಅವನ ದನಿ ಕೇಳಿದ್ದವರಲ್ಲಿ ಹೆಚ್ಚಿನವರು ಅವನನ್ನು ನೋಡಿಯೇ ಇರಲಿಲ್ಲ. ಒಂದು ದೇಶದ ವ್ಯವಸ್ಥೆಯೇ ದನಿಯನ್ನೂ ಮುಖವನ್ನೂ ಬೇರೆ ಮಾಡಿ ಇಟ್ಟಿದ್ದಾಗ, ಸಿನಿಮಾ ಎಂಬ ಒಂದೇ ಬಾಗಿಲಿನಿಂದ ಎರಡೂ ಒಂದಾದ ಪ್ರಕರಣ ಇದು. ಒಂದಾದಾಗ ಅವನ ಹಾಡಿಗೆ ದೊಡ್ಡ ಲಾಭವಾಯಿತು. ನನ್ನ ಮಟ್ಟಿಗೆ, ಒಂದು ನಷ್ಟವೂ ಆಯಿತು.

ಟೇಪಿನ ದನಿ

ತ್ಸೊಯ್ ಹುಟ್ಟಿದ್ದು 1962ರ ಜೂನ್ 21ರಂದು, ಲೆನಿನ್‌ಗ್ರಾಡಿನಲ್ಲಿ. ತಾಯಿ ವಲೆಂತೀನಾ ರಷ್ಯನ್, ಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿ. ತಂದೆ ರಾಬರ್ಟ್ ಎಂಜಿನಿಯರ್, ಕೊರಿಯಾ ಮೂಲದವರು, ಹುಟ್ಟಿದ್ದು ಕಜಕಸ್ತಾನದಲ್ಲಿ. ಕೊರಿಯನ್ನರು ಕಜಕಸ್ತಾನಕ್ಕೆ ಬಂದದ್ದು ತಮ್ಮಿಷ್ಟದಿಂದಲ್ಲ. 1937ರಲ್ಲಿ ಸ್ಟಾಲಿನ್ ಆಡಳಿತ ಸೋವಿಯತ್ ಒಕ್ಕೂಟದ ಪೂರ್ವ ಗಡಿಯಲ್ಲಿದ್ದ ಸುಮಾರು 1.7 ಲಕ್ಷ ಕೊರಿಯನ್ನರನ್ನು ರೈಲುಗಳಲ್ಲಿ ತುಂಬಿ ಮಧ್ಯ ಏಷ್ಯಾದ ಬಯಲಿಗೆ ಸಾಗಿಸಿತ್ತು. ಈ ವಿವರವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅವನ ಮುಖ್ಯ ಚಿತ್ರ ತಯಾರಾಗುವುದು ಅದೇ ನೆಲದಲ್ಲಿ.

ಹುಡುಗ ಚಿತ್ರಕಲಾ ಶಾಲೆ ಸೇರಿದ, ಅಲ್ಲಿಂದ ಹೊರಬಿದ್ದ. ಬಳಿಕ ವೃತ್ತಿ ಶಾಲೆಯಲ್ಲಿ ಮರದ ಕೆತ್ತನೆ ಕಲಿತ. ಗಿಟಾರು ಕೈಗೆ ಬಂದದ್ದು ಈ ನಡುವೆಯೇ. 1981ರಲ್ಲಿ ಲೆನಿನ್‌ಗ್ರಾಡಿನ ರುಬಿನ್‌ಸ್ಟೈನ್ ಬೀದಿಯ 13ನೇ ಸಂಖ್ಯೆಯ ಕಟ್ಟಡದಲ್ಲಿ ರಾಕ್ ಕ್ಲಬ್ ತೆರೆಯಿತು. ಅಲ್ಲಿ ಹಾಡಬಹುದಿತ್ತು, ಆದರೆ ಹಾಡಿನ ಸಾಹಿತ್ಯವನ್ನು ಮೊದಲು ಒಪ್ಪಿಸಿ ಮೊಹರು ಹಾಕಿಸಿಕೊಳ್ಳಬೇಕಿತ್ತು. ಧ್ವನಿಮುದ್ರಿಕೆ ತರುವುದಂತೂ ದೂರದ ಮಾತು. ಇಡೀ ಒಕ್ಕೂಟಕ್ಕೆ ‘ಮೆಲೊಡಿಯಾ’ ಎಂಬ ಒಂದೇ ಸರ್ಕಾರಿ ಕಂಪನಿ. ಅದು ಬೇಡವೆಂದರೆ ಹಾಡು ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ.

ಆಗ ಅಂದ್ರೇಯ್ ತ್ರೊಪಿಲ್ಲೊ ಎಂಬ ಧ್ವನಿ ತಂತ್ರಜ್ಞರು ಒಂದು ದಾರಿ ಹುಡುಕಿದ್ದರು. ಮಕ್ಕಳ ಸರ್ಕಾರಿ ಕ್ಲಬ್ಬೊಂದರಲ್ಲಿ ಅವರು ಧ್ವನಿಮುದ್ರಣದ ತರಗತಿ ನಡೆಸುತ್ತಿದ್ದರು. ಹಗಲು ಪಾಠ, ಬಿಡುವಿನಲ್ಲಿ ಅದೇ ಕೋಣೆಯಲ್ಲಿ ನಗರದ ರಾಕ್ ತಂಡಗಳ ಮುದ್ರಣ. ‘ಅಕ್ವೇರಿಯಂ’ ತಂಡದ ಬೊರೀಸ್ ಗ್ರೆಬೆನ್ಶಿಕೊವ್ ಕಿನೊ ತಂಡವನ್ನು ಅಲ್ಲಿಗೆ ಕರೆತಂದು ತಮ್ಮ ವಾದ್ಯಗಾರರನ್ನೂ ಜೊತೆಗೆ ಕೊಟ್ಟರು. 1982ರಲ್ಲಿ ಹೀಗೆ ಹುಟ್ಟಿದ ಮೊದಲ ಆಲ್ಬಮ್ಮಿನ ಹೆಸರು ‘45’. ಅದು ಅದರ ಅವಧಿ, ನಿಮಿಷಗಳಲ್ಲಿ.

ಅಂಥ ಆಲ್ಬಮ್ ಊರೂರು ತಲುಪುತ್ತಿದ್ದದ್ದು ಹೇಗೆಂದು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು. ಮೇಜಿನ ಮೇಲೆ ಎರಡು ಟೇಪ್ ರೆಕಾರ್ಡರ್. ಒಂದರಲ್ಲಿ ಗೆಳೆಯನಿಂದ ಒಂದು ರಾತ್ರಿಯ ಮಟ್ಟಿಗೆ ಕಡ ತಂದ ಸುರುಳಿ, ಇನ್ನೊಂದರಲ್ಲಿ ಖಾಲಿ ಸುರುಳಿ. ನಡುವೆ ಒಂದು ತಂತಿ. ಗುಂಡಿ ಒತ್ತಿ ಮುಕ್ಕಾಲು ಗಂಟೆ ಸುಮ್ಮನೆ ಕೂರಬೇಕು, ಅವಸರ ಮಾಡುವಂತಿಲ್ಲ. ಬೆಳಗ್ಗೆ ಎರಡನೆಯ ಸುರುಳಿ ಮೂರನೆಯವನ ಮನೆಗೆ. ಒಂದೊಂದು ನಕಲಿಗೂ ತಾಳದ ತಟ್ಟೆಯ ಝೇಂಕಾರ ಸವೆಯುತ್ತದೆ, ಟೇಪಿನ ಸರಸರ ಹೆಚ್ಚುತ್ತದೆ. ಹತ್ತನೆಯ ಕೈಗೆ ಬರುವಾಗ ಉಳಿದಿರುವುದು ಗಿಟಾರಿನ ಮಸುಕಾದ ಬಡಿತ ಮತ್ತು ಒಂದು ಗಂಡು ದನಿ. ತ್ಸೊಯ್‌ನ ದನಿ ಈ ಸವೆತವನ್ನು ತಾಳಿಕೊಂಡಿತು, ಏಕೆಂದರೆ ಅದು ತಗ್ಗಿನದು, ಸಮತಟ್ಟಾದದ್ದು, ಅಲಂಕಾರವಿಲ್ಲದ್ದು. ಕಳೆದುಕೊಳ್ಳುವುದಕ್ಕೆ ಅದರಲ್ಲಿ ಕುಸುರಿಯೇ ಇರಲಿಲ್ಲ.

ಸೈಬೀರಿಯಾದ ಯಾವುದೋ ಊರಿನ ವಿದ್ಯಾರ್ಥಿಗೆ ಹೀಗೆ ದನಿ ಸಿಕ್ಕಿತು. ಹಾಡಿದವನು ಉದ್ದವೋ ಗಿಡ್ಡವೋ, ಕಣ್ಣು ಹೇಗಿವೆ, ಹಾಡುವಾಗ ಹೇಗೆ ನಿಲ್ಲುತ್ತಾನೆ ಎಂಬುದು ಸುರುಳಿಯಲ್ಲಿ ಇರಲಿಲ್ಲ. ಸೋವಿಯತ್ ಟೆಲಿವಿಷನ್ ಆ ವರ್ಷಗಳಲ್ಲಿ ಅವನತ್ತ ತಿರುಗಿಯೂ ನೋಡಲಿಲ್ಲ. 1986ರಲ್ಲಿ ಅಮೆರಿಕದ ಗಾಯಕಿ ಜೊಆನಾ ಸ್ಟಿಂಗ್‌ರೇ ಲೆನಿನ್‌ಗ್ರಾಡಿನ ನಾಲ್ಕು ತಂಡಗಳ ಹಾಡುಗಳನ್ನು ಗುಟ್ಟಾಗಿ ಹೊರಗೆ ಸಾಗಿಸಿ ‘ರೆಡ್ ವೇವ್’ ಎಂಬ ಜೋಡಿ ಧ್ವನಿತಟ್ಟೆ ಹೊರಡಿಸಿದರು. ಅದರಲ್ಲಿ ಕಿನೊ ಕೂಡ ಇತ್ತು. ಅಂದರೆ ಕಿನೊ ತಂಡದ ಹಾಡುಗಳನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವ ಅವಕಾಶ ತವರಿನವರಿಗಿಂತ ಮೊದಲು ಅಮೆರಿಕದವರಿಗೆ ಸಿಕ್ಕಿತು.

ಒಲೆಯ ಮುಂದೆ

ಹಾಡಿನಿಂದ ಸಂಬಳ ಬರುವಂತಿರಲಿಲ್ಲ, ಕೆಲಸವಿಲ್ಲದೆ ಇರುವಂತೆಯೂ ಇರಲಿಲ್ಲ. ಸೋವಿಯತ್ ಕಾನೂನಿನಲ್ಲಿ ನಿರುದ್ಯೋಗ ಒಂದು ಅಪರಾಧ. ‘ಪರಾವಲಂಬಿ’ ಎಂದು ಹೆಸರಿಸಿ ಶಿಕ್ಷಿಸಬಹುದಿತ್ತು. ಹಾಗಾಗಿ ಆ ನಗರದ ಹಾಡುಗಾರರು, ಕವಿಗಳು, ಚಿತ್ರಕಾರರು ರಾತ್ರಿ ಕಾವಲುಗಾರರಾದರು, ಕಸ ಗುಡಿಸುವವರಾದರು, ಕಟ್ಟಡಗಳನ್ನು ಬೆಚ್ಚಗಿಡುವ ಬಾಯ್ಲರ್ ಕೋಣೆಗಳಲ್ಲಿ ಒಲೆ ಉರಿಸುವವರಾದರು. ಒಂದು ಪಾಳಿ ಮುಗಿದರೆ ಒಂದೆರಡು ದಿನ ಬಿಡುವು. ದುಡಿಮೆಯ ಪುಸ್ತಕದಲ್ಲಿ ಮೊಹರು. ಉಳಿದ ಹೊತ್ತು ತಮ್ಮದು.

ತ್ಸೊಯ್ 1986ರಿಂದ 1988ರ ಆರಂಭದವರೆಗೆ ಬ್ಲೊಖಿನ್ ಬೀದಿಯ 15ನೇ ಸಂಖ್ಯೆಯ ಕಟ್ಟಡದ ಬಾಯ್ಲರ್ ಕೋಣೆಯಲ್ಲಿ ಕೆಲಸ ಮಾಡಿದ. ‘ಕಮ್ಚಾಟ್ಕಾ’ ಎಂದೇ ಹೆಸರಾದ ಆ ಕೋಣೆ ಈಗ ಅವನ ಸ್ಮಾರಕ. ಅಲೆಕ್ಸೇಯ್ ಉಚಿತೆಲ್ ತಮ್ಮ ‘ರೋಕ್’ ಸಾಕ್ಷ್ಯಚಿತ್ರಕ್ಕಾಗಿ ಅವನನ್ನು ಅಲ್ಲಿಯೇ ಚಿತ್ರಿಸಿದರು. ಸಲಿಕೆಯ ತುಂಬ ಕಲ್ಲಿದ್ದಲು, ತೆರೆದ ಒಲೆಯ ಬಾಯಿ, ಒಂದು ಬದಿಯಿಂದ ಮಾತ್ರ ಬೆಳಕು ಬಿದ್ದ ಮುಖ. ಅವನು ಕ್ಯಾಮೆರಾಕ್ಕಾಗಿ ಏನನ್ನೂ ಮಾಡುವುದಿಲ್ಲ. ಕಲ್ಲಿದ್ದಲನ್ನು ಒಳಗೆ ಎಸೆಯುತ್ತಾನೆ, ಅಷ್ಟೇ. ಆ ಕೆಲಸದಲ್ಲಿ ಅವನ ಮೈ ಅವಸರಪಡುವುದಿಲ್ಲ, ಒಂದು ಚಲನೆಯೂ ಹೆಚ್ಚಾಗುವುದಿಲ್ಲ. ನಟನಾಗಿ ಅವನ ಬಂಡವಾಳ ಏನೆಂಬುದು ಆ ಕೆಲವು ನಿಮಿಷಗಳಲ್ಲಿ ಪೂರ್ತಿ ಕಾಣುತ್ತದೆ. ಒಂದು ಕೆಲಸ ಮಾಡುವಾಗ ಆ ಕೆಲಸದಷ್ಟೇ ಇರುವುದು ಅವನಿಗೆ ಗೊತ್ತಿತ್ತು. ಎಷ್ಟೋ ವರ್ಷ ಅಭಿನಯ ಕಲಿತವರಿಗೂ ಕೂಡಿಬರದ ಗುಣ ಅದು.

ಎಡವಿದ್ದು, ನಿಂತದ್ದು

ಕ್ಯಾಮೆರಾ ಮುಂದೆ ಅವನ ಮೊದಲ ಅನುಭವಗಳಲ್ಲಿ ಒಂದು ಸಪ್ಪೆಯಾಗಿಯೇ ಹೋಯಿತು. 1986ರ ಬೇಸಿಗೆಯಲ್ಲಿ, ಚೆರ್ನೊಬಿಲ್ ಸ್ಫೋಟವಾಗಿ ಕೆಲವೇ ತಿಂಗಳಾಗಿದ್ದಾಗ, ಕೀವ್‌ನ ವಿದ್ಯಾರ್ಥಿ ನಿರ್ದೇಶಕ ಸೆರ್ಗೇಯ್ ಲಿಸೆಂಕೊ ಅವನನ್ನಿಟ್ಟುಕೊಂಡು ‘ರಜೆಯ ಕೊನೆ’ ಎಂಬ ಕಿರುಚಿತ್ರ ಮಾಡಿದರು. ನಾಲ್ಕು ಹಾಡು, ಅವುಗಳನ್ನು ಪೋಣಿಸಲು ತೆಳುವಾದ ಒಂದು ಕತೆ. ಹಾಡಿನ ಪದಕ್ಕೆ ತಕ್ಕ ಚಿತ್ರ ತೋರಿಸಲು ಹೋದಾಗ ಪದವೂ ಸೊರಗುತ್ತದೆ, ಚಿತ್ರವೂ ಸೊರಗುತ್ತದೆ. ಅಲ್ಲಿ ಆದದ್ದು ಅದೇ. ತ್ಸೊಯ್‌ಗೂ ಅದು ಹಿಡಿಸಲಿಲ್ಲ.

ಅದೇ ವರ್ಷ ಮಾಸ್ಕೋದ ಸರ್ಕಾರಿ ಸಿನಿಮಾ ಶಾಲೆಯ ವಿದ್ಯಾರ್ಥಿಯೊಬ್ಬರು ಲೆನಿನ್‌ಗ್ರಾಡಿಗೆ ಬಂದರು. ಕಜಕಸ್ತಾನದ ಅಲ್ಮಾ ಅತಾ ನಗರದ ರಷೀದ್ ನುಗ್ಮಾನೊವ್. ‘ಯ್ಯಾ-ಖ್ಖಾ’ ಎಂಬ ತಮ್ಮ ವಿದ್ಯಾರ್ಥಿ ಚಿತ್ರಕ್ಕೆ ಅವರು ನಗರದ ರಾಕ್ ಬಳಗವನ್ನೇ ಬಳಸಿಕೊಂಡರು. ತ್ಸೊಯ್ ಬಾಯ್ಲರ್ ಕೋಣೆಯಲ್ಲಿ, ಗೆಳೆಯರ ನಡುವೆ, ತಾನಿರುವ ಹಾಗೆಯೇ ಕಾಣಿಸಿಕೊಂಡ. ನಿರ್ದೇಶಕ ಮತ್ತು ಹಾಡುಗಾರನ ನಡುವೆ ನಂಬಿಕೆ ಬೆಳೆದದ್ದು ಅಲ್ಲಿ.

ನುಗ್ಮಾನೊವ್ ಅವರ ಗುರು ಸೆರ್ಗೇಯ್ ಸೊಲೊವ್ಯೋವ್. ಸಿನಿಮಾ ಶಾಲೆಯಲ್ಲಿ ಕಜಕ್ ವಿದ್ಯಾರ್ಥಿಗಳ ಒಂದು ತಂಡವನ್ನೇ ಅವರು ತರಬೇತುಗೊಳಿಸುತ್ತಿದ್ದರು. 1987ರಲ್ಲಿ ಅವರ ‘ಅಸ್ಸಾ’ ಚಿತ್ರದಲ್ಲಿ ತ್ಸೊಯ್ ಇರುವುದು ಕೊನೆಗೆ ಮಾತ್ರ. ಚಳಿಗಾಲದ ಯಾಲ್ಟಾದ ರೆಸ್ಟೋರೆಂಟಿಗೆ ಹೊಸ ಹಾಡುಗಾರ ಕೆಲಸಕ್ಕೆಂದು ಬಂದಿದ್ದಾನೆ. ಆಡಳಿತದ ಹೆಂಗಸು ನಿಯಮಾವಳಿ ಓದತೊಡಗುತ್ತಾಳೆ. ಯಾರು ಹಾಡಬಹುದು, ಯಾವ ದಾಖಲೆ ಬೇಕು, ಕಲಾವಿದ ಹೇಗಿರಬೇಕು. ಓದು ಮುಗಿಯುವುದೇ ಇಲ್ಲ. ಅವನು ಎದ್ದು ನಡೆಯುತ್ತಾನೆ, ಅವಳು ಓದುತ್ತಲೇ ಇರುತ್ತಾಳೆ. ವೇದಿಕೆ ಹತ್ತಿ ಮೈಕಿನ ಮುಂದೆ ನಿಂತು ‘ಬದಲಾವಣೆ’ಯ ಹಾಡು ಎತ್ತಿಕೊಳ್ಳುತ್ತಾನೆ. ಖಾಲಿ ರೆಸ್ಟೋರೆಂಟೆಂದು ನಾವು ತಿಳಿದಿದ್ದ ಜಾಗದಲ್ಲಿ ಈಗ ಸಾವಿರಾರು ಜನ ನಿಂತಿದ್ದಾರೆ. ಮಾಸ್ಕೋದ ಗೋರ್ಕಿ ಉದ್ಯಾನದ ಬಯಲು ರಂಗಮಂದಿರದಲ್ಲಿ ಸೇರಿಸಿದ ನಿಜವಾದ ಜನಸಾಗರ. ಚಿತ್ರದಲ್ಲಿ ಕೆಲಸ ಮಾಡಿದವರ ಹೆಸರುಗಳು ಅವರೆಲ್ಲರ ಮೇಲೆ ಹಾದುಹೋಗುತ್ತವೆ.

ಈ ದೃಶ್ಯ ರಾಜಕೀಯ ಘೋಷಣೆಯಾಗಿ ಪ್ರಸಿದ್ಧವಾಯಿತು. 2020ರಲ್ಲಿ ಬೆಲಾರೂಸ್‌ನ ಮಿನ್ಸ್ಕ್‌ನಲ್ಲಿ ಸರ್ಕಾರದ ಪರವಾದ ಕಾರ್ಯಕ್ರಮವೊಂದರಲ್ಲಿ ಇಬ್ಬರು ಧ್ವನಿ ನಿರ್ವಾಹಕರು ಇದೇ ಹಾಡು ಹಾಕಿ ಸೆರೆ ಸೇರಿದರು. ಆದರೆ ಹಾಡಿನ ಒಳಗೆ ಇರುವುದು ಅಡುಗೆಮನೆಯ ಮೇಜು, ಚಹಾ, ಸಿಗರೇಟು, ಮತ್ತು ನಮ್ಮ ಹೃದಯಕ್ಕೆ, ಕಣ್ಣಿಗೆ ಬದಲಾವಣೆ ಬೇಕು ಎಂಬ ಮಾತು. ಅದನ್ನು ಘೋಷಣೆ ಮಾಡಿದ್ದು ಸೊಲೊವ್ಯೋವ್ ಅವರ ಸಂಕಲನ. ನಿಯಮ ಓದುವ ಹೆಂಗಸಿನ ಪಕ್ಕದಲ್ಲಿಟ್ಟ ಕೂಡಲೇ ಮನೆಯೊಳಗಿನ ಹಾಡು ಬೀದಿಗೆ ಬಂದು ನಿಂತಿತು. ಟೇಪಿನಲ್ಲಿ ಮಾತ್ರ ಉಳಿದಿದ್ದರೆ ಅದಕ್ಕೆ ಆ ಬಲ ಬರುತ್ತಿತ್ತೆಂದು ನಾನು ನಂಬುವುದಿಲ್ಲ.

ಟೆಲಿವಿಷನ್ ತೆರೆಯದ ಬಾಗಿಲನ್ನು ಸಿನಿಮಾ ಏಕೆ ತೆರೆಯಿತು? 1986ರ ಮೇ ತಿಂಗಳಲ್ಲಿ ನಡೆದ ಸೋವಿಯತ್ ಸಿನಿಮಾ ಕರ್ಮಿಗಳ ಸಂಘದ ಐದನೇ ಅಧಿವೇಶನದಲ್ಲಿ ಹಳೆಯ ಮುಖಂಡರನ್ನು ಮತ ಹಾಕಿ ಇಳಿಸಲಾಯಿತು. ನಿರ್ದೇಶಕ ಎಲೆಮ್ ಕ್ಲಿಮೊವ್ ಸಂಘದ ಚುಕ್ಕಾಣಿ ಹಿಡಿದರು. ವರ್ಷಗಟ್ಟಲೆ ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದ ಚಿತ್ರಗಳು ಹೊರಬಂದವು. ಗೊರ್ಬಚೆವ್ ಕಾಲದ ಗಾಳಿ ಚಿತ್ರರಂಗಕ್ಕೆ ಮೊದಲು ಬೀಸಿತು. ಸ್ಟುಡಿಯೊ ಸರ್ಕಾರದ್ದು, ಫಿಲ್ಮ್ ಸರ್ಕಾರದ್ದು, ಚಿತ್ರಮಂದಿರವೂ ಸರ್ಕಾರದ್ದು. ಒಳಗೆ ಒಬ್ಬ ನಿರ್ದೇಶಕ ಕಾಲಿಟ್ಟರೆ ಸಾಕು, ಅವರ ಹಿಂದೆ ಬಂದವನ ಮುಖವನ್ನು ಅದೇ ಸರ್ಕಾರ ಊರೂರಿಗೆ ಹೊತ್ತು ತಲುಪಿಸುತ್ತಿತ್ತು. ಮುಕ್ಕಾಲು ಗಂಟೆ ಕೂತು ಟೇಪು ನಕಲು ಮಾಡುವ ಕೆಲಸವೇ ಇಲ್ಲ.

ಇಗ್ಲಾ

ಕಜಕ್‌ಫಿಲ್ಮ್ ಸ್ಟುಡಿಯೊದಲ್ಲಿ ‘ಇಗ್ಲಾ’, ಅಂದರೆ ‘ಸೂಜಿ’, ಬೇರೊಬ್ಬ ನಿರ್ದೇಶಕರ ಕೈಯಲ್ಲಿತ್ತು. ಅದು ನಿಂತುಹೋಗುವ ಸ್ಥಿತಿಗೆ ಬಂದಾಗ, ಇನ್ನೂ ಓದು ಮುಗಿಸದ ನುಗ್ಮಾನೊವ್ ಅವರನ್ನು ಕೇಳಲಾಯಿತು. ಅವರು ತಮ್ಮ ಷರತ್ತು ಮುಂದಿಟ್ಟರು. ಕ್ಯಾಮೆರಾ ಹಿಡಿಯುವುದು ತಮ್ಮ ಅಣ್ಣ ತಮ್ಮಂದಿರಲ್ಲೊಬ್ಬರಾದ ಮುರಾತ್. ಪಾತ್ರಗಳಿಗೆ ವೃತ್ತಿ ನಟರ ಬದಲು ತಮ್ಮ ಗೆಳೆಯರು. ಚಿತ್ರಕಥೆಯಿಂದ ಆಚೀಚೆ ಹೋಗುವ ಸ್ವಾತಂತ್ರ್ಯ. ನಾಯಕ ತ್ಸೊಯ್.

ಕತೆ ಹೇಳಿಬಿಡುವಷ್ಟು ಸರಳ. ಮೊರೊ ಎಂಬ ಯುವಕ ಸಾಲ ವಸೂಲಿಗೆಂದು ಅಲ್ಮಾ ಅತಾಗೆ ಬರುತ್ತಾನೆ. ಹಳೆಯ ಗೆಳತಿ ದೀನಾ ಮಾದಕ ವಸ್ತುವಿಗೆ ದಾಸಳಾಗಿದ್ದಾಳೆ. ಅವಳನ್ನು ಅರಾಲ್ ಸಮುದ್ರದ ದಡಕ್ಕೆ ಕರೆದೊಯ್ಯುತ್ತಾನೆ, ಅಲ್ಲಿ ಅವಳು ಚೇತರಿಸಿಕೊಳ್ಳುತ್ತಾಳೆ. ಊರಿಗೆ ಮರಳಿದೊಡನೆ ಸೂಜಿಯೂ ಮರಳುತ್ತದೆ. ಅದನ್ನು ಪೂರೈಸುವ ವೈದ್ಯನ ವಿರುದ್ಧ ಮೊರೊ ಒಬ್ಬನೇ ನಿಲ್ಲುತ್ತಾನೆ. ಮಾದಕ ವ್ಯಸನವನ್ನು ಬಿಚ್ಚಿ ತೋರಿಸಿದ ಮೊದಮೊದಲ ಸೋವಿಯತ್ ಚಿತ್ರಗಳಲ್ಲಿ ಇದೂ ಒಂದು.

ಅರಾಲ್ ದೃಶ್ಯಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಆ ಸಮುದ್ರಕ್ಕೆ ನೀರು ತರುತ್ತಿದ್ದ ಅಮು ದರಿಯಾ, ಸಿರ್ ದರಿಯಾ ನದಿಗಳನ್ನು 1960ರ ದಶಕದಿಂದ ಹತ್ತಿಯ ಹೊಲಗಳಿಗೆ ತಿರುಗಿಸಲಾಗಿತ್ತು. ಚಿತ್ರೀಕರಣದ ಹೊತ್ತಿಗೆ ನೀರು ಬಹು ದೂರ ಸರಿದಿತ್ತು. ದೀನಾ ಮತ್ತು ಮೊರೊ ಬಂದು ನಿಲ್ಲುವುದು ಮರಳಿನ ಮೇಲೆ ತುಕ್ಕು ಹಿಡಿದು ಕೂತ ಹಡಗುಗಳ ನಡುವೆ. ನೀರಿಗೆಂದು ಬಂದವರಿಗೆ ನೀರಿಲ್ಲ. ಯಾರೂ ಇದನ್ನು ವಿವರಿಸುವುದಿಲ್ಲ, ತ್ಸೊಯ್ ಕೂಡ ಮುಖದಲ್ಲಿ ಅಚ್ಚರಿ ತರುವುದಿಲ್ಲ. ಬಿರುಕುಬಿಟ್ಟ ನೆಲದ ಮೇಲೆ ನಡೆಯುತ್ತಾನೆ. ಒಣಗಿಸಿದ ಕಡಲು, ಒಣಗಿದ ಹುಡುಗಿ. ಆ ಮೌನ ನಟನೆ ನನಗೆ ಯಾವ ಸಂಭಾಷಣೆಗಿಂತಲೂ ಹೆಚ್ಚಾಗಿ ನಾಟಿದೆ. ತಂದೆಯ ಕಡೆಯ ಹಿರಿಯರನ್ನು ರೈಲಿನಲ್ಲಿ ತಂದು ಇಳಿಸಿದ ಬಯಲೂ ಇದೇ ಕಜಕಸ್ತಾನದ್ದು. ಚಿತ್ರ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ರಷ್ಯನ್ ಮಾತಾಡುವ, ಏಷ್ಯಾದ ಮುಖದ ಒಬ್ಬ ನಾಯಕ ತನ್ನೂರಿಗೆ ಮರಳಿದವನಂತೆ ಆ ನೆಲದ ಮೇಲೆ ನಿಂತದ್ದೇ ಒಂದು ಮಾತು.

ಹೊಡೆದಾಟದಲ್ಲಿ ಅವನು ಬ್ರೂಸ್ ಲೀಯ ಅಭಿಮಾನಿ ಎಂಬುದು ಕಾಲೆತ್ತಿದೊಡನೆ ಗೊತ್ತಾಗುತ್ತದೆ. ಕಪ್ಪು ಬಟ್ಟೆ, ಸ್ವಲ್ಪ ಮುಂದಕ್ಕೆ ಚಾಚಿದ ಗದ್ದ, ಮಾತಿಗೆ ಮೊದಲು ಒಂದು ಕ್ಷಣದ ತಡೆ. ನಟನೆಯ ಪರಿಭಾಷೆಯಲ್ಲಿ ನೋಡಿದರೆ ಅವನ ಹರಹು ಚಿಕ್ಕದು. ಅಳುವ, ಬೇಡುವ, ಸೋಲುವ ಪಾತ್ರ ಕೊಟ್ಟಿದ್ದರೆ ಏನಾಗುತ್ತಿತ್ತೋ. ನುಗ್ಮಾನೊವ್ ಆ ಹರಹಿನ ಆಚೆಗೆ ಅವನನ್ನು ಎಳೆಯಲಿಲ್ಲ. ಸುತ್ತಲಿನ ಜಗತ್ತನ್ನು ಗದ್ದಲಮಯ ಮಾಡಿ, ಹಳೆಯ ರೇಡಿಯೊ, ಟಿ.ವಿ. ಕಾರ್ಯಕ್ರಮಗಳ ಚೂರುಗಳನ್ನು ಧ್ವನಿಪಥದ ತುಂಬ ಹರಡಿ, ನಡುವೆ ಈ ಒಬ್ಬನನ್ನು ಸುಮ್ಮನೆ ನಿಲ್ಲಿಸಿದರು. ಚಿತ್ರವನ್ನು ಅರ್ಪಿಸಿದ್ದು ಸೋವಿಯತ್ ಟೆಲಿವಿಷನ್ನಿಗೆ. ತ್ಸೊಯ್‌ಗೆ ಜಾಗ ಕೊಡದ ಆ ಪೆಟ್ಟಿಗೆ ಇಲ್ಲಿ ಅವನ ಬೆನ್ನ ಹಿಂದಿನ ಗದ್ದಲವಾಯಿತು.

ಕೊನೆಯ ದೃಶ್ಯ. ರಾತ್ರಿ, ಎರಡೂ ಬದಿಗೆ ಮರಗಳಿರುವ ಕಾಲುದಾರಿ, ನೆಲದ ತುಂಬ ಹಿಮ. ಎದುರಿನಿಂದ ಬಂದವನು ಸಿಗರೇಟಿಗೆ ಬೆಂಕಿ ಕೇಳುತ್ತಾನೆ. ಮೊರೊ ಬೆಂಕಿ ನೀಡುತ್ತಿರುವಾಗಲೇ ಚೂರಿ ಇಳಿಯುತ್ತದೆ. ಅವನು ಮಂಡಿಯೂರುತ್ತಾನೆ. ಹಿಮದ ಮೇಲೆ ರಕ್ತ. ಇಲ್ಲಿ ಚಿತ್ರ ಮುಗಿಯಬಹುದಿತ್ತು. ಮುಗಿಯುವುದಿಲ್ಲ. ಅವನು ಎದ್ದು ನಿಲ್ಲುತ್ತಾನೆ, ತನ್ನ ಸಿಗರೇಟು ಹೊತ್ತಿಸಿಕೊಳ್ಳುತ್ತಾನೆ, ನಮಗೆ ಬೆನ್ನು ಹಾಕಿ ದಾರಿಯುದ್ದಕ್ಕೂ ನಡೆಯತೊಡಗುತ್ತಾನೆ. ಆಗ ‘ರಕ್ತದ ಗುಂಪು’ ಹಾಡು ಏಳುತ್ತದೆ.

ಆ ಹಾಡು ಅದೇ ಹೆಸರಿನ ಆಲ್ಬಮ್ಮಿನದು. ತಂಡದ ಡ್ರಮ್ ವಾದಕ ಗ್ಯೋರ್ಗಿ ಗುರ್ಯಾನೊವ್ ಅವರ ಮನೆಯಲ್ಲಿ, ಸ್ಟಿಂಗ್‌ರೇ ವಿದೇಶದಿಂದ ತಂದುಕೊಟ್ಟ ಪುಟ್ಟ ಮುದ್ರಣ ಯಂತ್ರದಲ್ಲಿ ಅದನ್ನು ಮುದ್ರಿಸಿದ್ದರು. ಸೈನಿಕನ ತೋಳಿನ ಪಟ್ಟಿಯ ಮೇಲೆ ಬರೆದ ರಕ್ತದ ಗುಂಪು, ಕ್ರಮಸಂಖ್ಯೆ. ಯುದ್ಧಕ್ಕೆ ಹೊರಟವನ ವಿದಾಯ. ಸೋವಿಯತ್ ಪಡೆಗಳು ಆಗಿನ್ನೂ ಅಫ್ಘಾನಿಸ್ತಾನದಲ್ಲಿದ್ದವು. ಟೇಪಿನಲ್ಲಿ ಈ ಹಾಡು ಕೇಳಿದವರಿಗೆ ಹೊರಟವನು ಯಾರೋ ಒಬ್ಬ ಸೈನಿಕ. ಚಿತ್ರಮಂದಿರದಿಂದ ಹೊರಬಂದವರಿಗೆ ಹೊರಟವನು ಆ ಕಪ್ಪು ಬಟ್ಟೆಯವನೇ. ದನಿ ಮತ್ತು ಮುಖ ಬೆಸೆದುಕೊಂಡದ್ದು ಆ ಹಿಮದ ದಾರಿಯಲ್ಲಿ, ಎರಡು ಮೂರು ನಿಮಿಷಗಳಲ್ಲಿ. ಕೋಟಿಗೂ ಮೀರಿದ ಜನ ಅದನ್ನು ನೋಡಿದರು.

ಒಂದೇ ಚಿತ್ರ, ಇಬ್ಬರು ಹಾಡುಗಾರರು

ಈ ಪ್ರಕರಣವನ್ನು ಅಳೆಯಲು ಬೇಕಾದ ಅಳತೆಗೋಲು ಅದೇ ಚಿತ್ರದೊಳಗೆ ಇದೆ. ಮಾದಕ ವಸ್ತು ಪೂರೈಸುವ ವೈದ್ಯನ ಪಾತ್ರ ಮಾಡಿದ ಪ್ಯೋತ್ರ್ ಮಾಮೊನೊವ್ ಕೂಡ ರಾಕ್ ಹಾಡುಗಾರನೇ, ಮಾಸ್ಕೋದ ‘ಜ್ವೂಕಿ ಮು’ ತಂಡದವನು. ವೇದಿಕೆಯಲ್ಲಿ ತ್ಸೊಯ್ ಅಲುಗಾಡದೆ ನಿಂತರೆ ಮಾಮೊನೊವ್ ನಡುಗುತ್ತಿದ್ದ, ಸೊಟ್ಟಗಾಗುತ್ತಿದ್ದ, ಮುಖದ ಒಂದೊಂದು ಸ್ನಾಯುವನ್ನೂ ಬೇರೆಬೇರೆ ಕಡೆಗೆ ಓಡಿಸುತ್ತಿದ್ದ. ಅವನು ಪ್ರತಿ ಹಾಡಿನಲ್ಲೂ ಬೇರೊಬ್ಬನಾಗುವ ಹಾಡುಗಾರ. ಸಿನಿಮಾ ಅವನನ್ನು ನಿಜವಾದ ನಟನಾಗಿ ಬೆಳೆಸಿತು. 1990ರ ‘ಟ್ಯಾಕ್ಸಿ ಬ್ಲೂಸ್’ ಕಾನ್ ಉತ್ಸವದಲ್ಲಿ ಪಾವೆಲ್ ಲುಂಗಿನ್ ಅವರಿಗೆ ನಿರ್ದೇಶನದ ಪ್ರಶಸ್ತಿ ತಂದಿತು. ಅದರ ನಾಯಕರಲ್ಲಿ ಮಾಮೊನೊವ್ ಒಬ್ಬ. 2006ರ ‘ಓಸ್ತ್ರೊವ್’ ಚಿತ್ರದ ಸನ್ಯಾಸಿಯ ಪಾತ್ರಕ್ಕೆ ರಷ್ಯಾದ ದೊಡ್ಡ ಪ್ರಶಸ್ತಿಗಳೆಲ್ಲ ಅವನಿಗೆ ಬಂದವು. 2009ರಲ್ಲಿ ತ್ಸಾರ್ ಇವಾನನ ಪಾತ್ರ. 2021ರಲ್ಲಿ ತೀರಿಕೊಳ್ಳುವಾಗ ಹೊಸ ತಲೆಮಾರಿಗೆ ಅವನು ಮೊದಲು ನಟ, ಆಮೇಲೆ ಹಾಡುಗಾರ.

ಇಬ್ಬರಲ್ಲಿ ಯಾರ ದಾರಿ ದೊಡ್ಡದೆಂದು ಕೇಳಿದರೆ, ನಟನೆಯ ಮಟ್ಟಿಗೆ ಮಾಮೊನೊವ್‌ನದೇ, ಎರಡು ಮಾತಿಲ್ಲ. ಆದರೆ ಇಗ್ಲಾದಲ್ಲಿ ಇಬ್ಬರೂ ಎದುರುಬದುರಾದಾಗ ಕಣ್ಣು ಹೋಗುವುದು ಸುಮ್ಮನಿರುವವನ ಕಡೆಗೆ. ವೈದ್ಯ ಮುಖವನ್ನು ಎಷ್ಟು ತಿರುಚಿದರೂ ತ್ಸೊಯ್ ಅದಕ್ಕೆ ಮರುತ್ತರ ಕೊಡುವುದಿಲ್ಲ, ಮತ್ತು ಕೊಡದಿರುವುದರಿಂದಲೇ ನಾವು ಅವನ ತಲೆಯೊಳಗೆ ಏನಿದೆ ಎಂದು ಹುಡುಕತೊಡಗುತ್ತೇವೆ. ಹುಡುಕಿದವರಿಗೆ ಸಿಗುವುದು ಹಾಡುಗಳು. ಟೇಪಿನಲ್ಲಿ ಕೇಳಿದ ಹಾಡುಗಳನ್ನೆಲ್ಲ ಪ್ರೇಕ್ಷಕ ತಾನೇ ಆ ಮುಖದೊಳಗೆ ತುಂಬಿಕೊಂಡ. ಪಾತ್ರದ ಬಹುಪಾಲು ಕೆಲಸವನ್ನು ಪ್ರೇಕ್ಷಕನೇ ಮನೆಯಲ್ಲಿ, ಟೇಪ್ ರೆಕಾರ್ಡರ್ ಮುಂದೆ ಕೂತು, ಮಾಡಿ ಬಂದಿದ್ದ.

ಬಂದದ್ದು, ಹೋದದ್ದು

ಇಗ್ಲಾದ ಬಳಿಕ ಕಿನೊ ಕ್ರೀಡಾಂಗಣಗಳ ತಂಡವಾಯಿತು. ಗಿಟಾರ್‌ಗೆ ಯೂರಿ ಕಸ್ಪಾರ್ಯಾನ್, ಬೇಸ್‌ಗೆ ಇಗೊರ್ ತಿಖೊಮಿರೊವ್, ನಿಂತೇ ಡ್ರಮ್ ಬಾರಿಸುವ ಗುರ್ಯಾನೊವ್. 1989ರಲ್ಲಿ ಫ್ರಾನ್ಸಿನ ಬೂರ್ಜ್ ಉತ್ಸವದಲ್ಲಿ ಹಾಡಿದರು. 1990ರ ಆರಂಭದಲ್ಲಿ ತ್ಸೊಯ್ ಮತ್ತು ನುಗ್ಮಾನೊವ್ ಇಗ್ಲಾವನ್ನು ಎತ್ತಿಕೊಂಡು ಅಮೆರಿಕದ ಪಾರ್ಕ್ ಸಿಟಿಯ ಸನ್‌ಡಾನ್ಸ್ ಚಿತ್ರೋತ್ಸವಕ್ಕೆ ಹೋದರು. ಇಬ್ಬರೂ ಸೇರಿ ಇನ್ನೊಂದು ಚಿತ್ರದ ಕನಸು ಕಂಡಿದ್ದರು. ವೈಜ್ಞಾನಿಕ ಕಾದಂಬರಿಕಾರ ವಿಲಿಯಂ ಗಿಬ್ಸನ್ ಜೊತೆಯಲ್ಲಿ ಚಿತ್ರಕಥೆಯ ಮಾತುಕತೆಯೂ ನಡೆದಿತ್ತು. ಜೂನ್ 24ರಂದು ಮಾಸ್ಕೋದ ಲುಜ್ನಿಕಿ ಕ್ರೀಡಾಂಗಣದಲ್ಲಿ ಅವರು ಹಾಡಿದಾಗ ಒಲಿಂಪಿಕ್ ಜ್ಯೋತಿಯ ಕುಂಡವನ್ನು ಹೊತ್ತಿಸಲಾಯಿತು. ಬಾಯ್ಲರ್ ಒಲೆಗೆ ಕಲ್ಲಿದ್ದಲು ಹಾಕುವುದನ್ನು ಬಿಟ್ಟು ಎರಡೂವರೆ ವರ್ಷವಾಗಿತ್ತು.

ನಷ್ಟವೆಂದು ನಾನು ಹೇಳಿದ್ದು ಈ ಬೆಳಕಿನ ಪಕ್ಕದಲ್ಲೇ ಇದೆ. ‘45’ ಆಲ್ಬಮ್ಮನ್ನು ಒಮ್ಮೆ ಕೇಳಿದವರಿಗೆ ಗೊತ್ತು, ಆ ಹುಡುಗನಲ್ಲಿ ಎಷ್ಟು ಚೇಷ್ಟೆಯಿತ್ತೆಂದು. ತನಗೆ ಬೇಡದ ಕಡೆಗೆ ತನ್ನನ್ನು ಹೊತ್ತೊಯ್ಯುವ ಉಪನಗರದ ರೈಲು, ತಾಡಪಾಲಿನ ಹೊಲದಲ್ಲಿ ಅಲ್ಯೂಮಿನಿಯಂ ಸೌತೆಕಾಯಿ ನೆಡುವವನು, ಕೆಲಸವಿಲ್ಲದೆ ಅಲೆಯುವ ಸೋಮಾರಿ. ಆ ಹಾಡುಗಳಲ್ಲಿ ಅವನು ನಾಯಕನಲ್ಲ, ಪಕ್ಕದ ಮನೆಯ ಹುಡುಗ. 1987ರ ನಂತರದ ಹಾಡುಗಳಲ್ಲಿ ನಕ್ಷತ್ರಗಳು, ಯುದ್ಧ, ಸಾವು, ದಾರಿ. ಆ ತಿರುವು ‘ರಕ್ತದ ಗುಂಪು’ ಆಲ್ಬಮ್ಮಿನಲ್ಲೇ ಶುರುವಾಗಿತ್ತು, ಸಿನಿಮಾ ಒಂದನ್ನೇ ದೂರುವುದು ಸರಿಯಲ್ಲ. ಆದರೆ ಕೋಟಿ ಜನ ಮೊರೊನನ್ನು ನೋಡಿದ ಮೇಲೆ ಸೌತೆಕಾಯಿಯ ಹಾಡಿಗೆ ಮರಳುವ ದಾರಿ ಮುಚ್ಚಿತು. ಇಗ್ಲಾದ ಚಿತ್ರೀಕರಣದ ದಿನಗಳ ‘ಸೂರ್ಯನೆಂಬ ಹೆಸರಿನ ನಕ್ಷತ್ರ’ ಎಂಥ ಹಾಡೆಂದು ನನಗೆ ಗೊತ್ತು, ಅದನ್ನು ಬಿಟ್ಟುಕೊಡಲು ನಾನು ತಯಾರಿಲ್ಲ. ಆದರೂ ಆ ಚೇಷ್ಟೆಯ ಹುಡುಗನಿಗೆ ಮೂವತ್ತು ವಯಸ್ಸಾಗಿದ್ದರೆ ಹೇಗೆ ಹಾಡುತ್ತಿದ್ದನೆಂದು ಕೇಳುವ ಆಸೆ ಹೋಗುವುದಿಲ್ಲ.

1990ರ ಆಗಸ್ಟ್ 15ರ ಮಧ್ಯಾಹ್ನ ಲಾತ್ವಿಯಾದಲ್ಲಿ, ತುಕುಮ್ಸ್ ಬಳಿಯ ಹೆದ್ದಾರಿಯಲ್ಲಿ, ಅವನು ಓಡಿಸುತ್ತಿದ್ದ ಮಾಸ್ಕ್ವಿಚ್ ಕಾರು ಎದುರಿನಿಂದ ಬಂದ ಬಸ್ಸಿಗೆ ಡಿಕ್ಕಿ ಹೊಡೆಯಿತು. ಅವನಿಗೆ 28 ವರ್ಷ. ಆ ಬೇಸಿಗೆಯಲ್ಲಿ ಅಲ್ಲಿನ ಹಳ್ಳಿಯೊಂದರಲ್ಲಿ ಕಸ್ಪಾರ್ಯಾನ್ ಜೊತೆ ಕರಡಾಗಿ ಹಾಡಿಟ್ಟಿದ್ದ ದನಿಯ ಮೇಲೆ ತಂಡದ ಉಳಿದವರು ವಾದ್ಯ ನುಡಿಸಿ ಕೊನೆಯ ಆಲ್ಬಮ್ ಮುಗಿಸಿದರು. ಹೊದಿಕೆ ಪೂರ್ತಿ ಕಪ್ಪು. ಮುಖ ಮತ್ತೆ ಹೋಗಿ, ಉಳಿದದ್ದು ಟೇಪಿನ ಮೇಲಿನ ದನಿ.

ಮಾಸ್ಕೋದ ಅರ್ಬಾತ್ ಬೀದಿಯ ಗೋಡೆಯೊಂದರ ಮೇಲೆ ಯಾರೋ ‘ಇಂದು ವಿಕ್ತರ್ ತ್ಸೊಯ್ ಸತ್ತ’ ಎಂದು ಬರೆದರು. ಅದರ ಕೆಳಗೆ ಇನ್ನೊಬ್ಬರು ‘ತ್ಸೊಯ್ ಬದುಕಿದ್ದಾನೆ’ ಎಂದು ಬರೆದರು. ಆ ಎರಡನೆಯ ಸಾಲು ಬಳಿಕ ಸಾವಿರಾರು ಗೋಡೆಗಳ ಮೇಲೆ ಬಂತು. ಅದನ್ನು ಬರೆದವರು ಇಗ್ಲಾ ನೋಡಿದ್ದರು ಎಂದೇ ನನಗೆ ಅನಿಸುತ್ತದೆ. ಮೊರೊ ಸತ್ತದ್ದನ್ನು ಆ ಚಿತ್ರದಲ್ಲಿ ಯಾರೂ ನೋಡಿಲ್ಲ. ಅಲ್ಮಾ ಅತಾ, ಅಂದರೆ ಈಗಿನ ಅಲ್ಮಾಟಿಯ, ತುಲೆಬಾಯೆವ್ ಬೀದಿಯ ಆ ಕಾಲುದಾರಿಯಲ್ಲಿ 2018ರ ಜೂನ್ 21ರಂದು, ಅವನ ಹುಟ್ಟಿದ ದಿನ, ಅವನ ಪ್ರತಿಮೆ ನಿಲ್ಲಿಸಿದರು. ಚಳಿಗಾಲದಲ್ಲಿ ಅಲ್ಲಿ ಈಗಲೂ ಹಿಮ ಬೀಳುತ್ತದೆ.